ತುಂಬಿದ ತರಗತಿ

ಆ ವರ್ಷ ಇತಿಹಾಸ ವಿಭಾಗಕ್ಕೆ ಸೇರಿದವರು ಇಬ್ಬರೇ. ವಿದ್ಯಾರ್ಥಿಗಳಿಲ್ಲದ ವಿಭಾಗಗಳನ್ನು ಮುಚ್ಚಿಸಲೆಂದೇ ಬೇರೊಂದು ವಿಶ್ವವಿದ್ಯಾಲಯದವರ ತಪಾಸಣಾ ಸಮಿತಿ ಬರುವ ದಿನ, ಮುಖ್ಯಸ್ಥರು ಅಧ್ಯಾಪಕಿ ಸರ್ವಮಂಗಳಾ ಅವರಿಗೆ ಕೈಮುಗಿದರು.

"ಮೇಡಂ, ನೀವು ಪಾಠ ಹೇಳ್ಕೋತ ಇರ್ರಿ, ಸಾಕು. ಅರ್ಥಶಾಸ್ತ್ರದಾಗ ತಪಾಸಣಿ ಮುಗೀತಿದ್ದಂಗ ಅಲ್ಲಿ ಹುಡುಗರು ಅಂಗಿ ಬದಲಿಸಿ ನಮ್ಮ ಕ್ಲಾಸಿಗೆ ಬಂದು ಕೂಡ್ತಾರ."

"ಇದಕ್ಕಿಂತ ಬಾಗಿಲಾ ಹಾಕೋದು ಚಲೋ ಅಲ್ರಿ ಸರ್?"

"ಬಾಗಿಲಾ ಹಾಕಿದ್ರ ನೀವೂ ಮನೀಗೆ, ನಾನೂ ಮನೀಗೆ."

ಹುಡುಗರು ಓಡಿ ಬಂದು ಏದುಸಿರು ಬಿಡುತ್ತ ಕೂತರು. ಕೋಣೆಯ ತುಂಬ ಬೆವರಿನ ವಾಸನೆ. ಅಶೋಕನ ಶಾಸನ ವಿವರಿಸುತ್ತಿದ್ದ ಮೇಡಂಗೆ ತಮ್ಮ ದನಿ ಕೇಳಿ ತಮಗೇ ಹೇಸಿಗೆಯಾಯಿತು.

ಸಮಿತಿಯ ಅಧ್ಯಕ್ಷರು ಒಳಗೆ ಬಂದರು. ಖಡಕ್ ಮನುಷ್ಯ ಎಂದು ಹೆಸರಾದವರು. ಮುಂದಿನ ಬೆಂಚಿನ ಹುಡುಗನ ಕೆಂಪು ಚಪ್ಪಲಿಯ ಮೇಲೆ ಅವರ ಕಣ್ಣು ನಿಂತಿತು.

"ಈ ಚಪ್ಪಲಿ ಈಗಷ್ಟ ಅರ್ಥಶಾಸ್ತ್ರದಾಗ ನೋಡಿದೆ."

ಹುಡುಗ ಕಾಲು ಹಿಂದಕ್ಕೆಳೆದುಕೊಂಡ. ಮುಖ್ಯಸ್ಥರ ಮುಖ ಬಿಳುಚಿತು. ಮೇಡಂಗೆ ಮಾತ್ರ ಒಳಗೊಳಗೇ ನೆಮ್ಮದಿ: ಸದ್ಯ, ಮುಖಕ್ಕೆ ಉಗಿಯುವವರು ಒಬ್ಬರಾದರೂ ಸಿಕ್ಕರು, ಕೆಲಸ ಹೋದರೆ ಹೋಗಲಿ.

ಅಧ್ಯಕ್ಷರು ಮುಖ್ಯಸ್ಥರ ಹೆಗಲ ಮೇಲೆ ಕೈಹಾಕಿ ದನಿ ತಗ್ಗಿಸಿದರು.

"ಅಂಗಿ ಬದಲಿಸೋವಾಗ ಚಪ್ಪಲಿನೂ ಬದಲಿಸ್ಬೇಕ್ರಿ. ನಮ್ಮ ಯೂನಿವರ್ಸಿಟಿಗೆ ತಪಾಸಣಿ ಬಂದಾಗ ನಾವು ಅದನ್ನ ಮರೆಯಂಗಿಲ್ಲ."