ಮೊಣಕೈ ಕೆಳಗಿನ ಕೈ

ಎಡಗೈ ಮೇಲಿನ ಇಷ್ಟಲಿಂಗ ಕಣ್ಣಿನ ಮಟ್ಟಕ್ಕೇರಿತು, ಮೊಣಕೈ ಕೆಳಗೆ ಹೆಂಡತಿಯ ಕೈಯಿಲ್ಲದೆ! ಶಿವನಂಜಯ್ಯನಿಗೆ ತನ್ನ ಭುಜವನ್ನೇ ನಂಬಲಾಗಲಿಲ್ಲ. ಭುಜದ ಆಪರೇಷನ್ ಆದಾಗಿನಿಂದ ದಿನಾ ಪೂಜೆಯಲ್ಲಿ ಆ ಕೈ ಎತ್ತಿ ಹಿಡಿದವಳು ತಿಪ್ಪಮ್ಮ. ತುಮಕೂರಿನ ಫಿಸಿಯೋ ಕೊಟ್ಟ ರಬ್ಬರ್ ಬ್ಯಾಂಡನ್ನು ಕಿಟಕಿ ಸರಳಿಗೆ ಕಟ್ಟಿ ಇವನು ಹಲ್ಲುಕಚ್ಚಿ ಎಳೆದದ್ದೇ ಎಳೆದದ್ದು.

"ನೋಡೇ, ನಾನೇ ಹಿಡಿದಿದೀನಿ! ನಾಳೆಯಿಂದ ನೀನು ಆರಾಮಾಗಿರು ಬುಡು."

"ಸದ್ಯ!" ತಿಪ್ಪಮ್ಮ ನಕ್ಕು, ಮೂರು ಬೆರಳಿಗೆ ವಿಭೂತಿ ಸವರಿಕೊಂಡಳು. ಇಷ್ಟು ದಿನ ಅವನ ಭಾರ ಹೊತ್ತ ಕೈ ಎದೆಯವರೆಗೆ ಬಂದು, ಮೇಲೇಳಲಾರದೆ ನಿಂತುಬಿಟ್ಟಿತು. ಅಭ್ಯಾಸವಾದವಳಂತೆ ತಲೆ ತಗ್ಗಿಸಿ, ಹಣೆಯನ್ನೇ ಬೆರಳಿನ ಹತ್ತಿರ ತಂದಳು.

ಶಿವನಂಜಯ್ಯ ಅವಳ ಭುಜವನ್ನೇ ನೋಡಿದ. "ಯಾವಾಗಿಂದ ಹಿಂಗೆ?"

"ಬೇಸಿಗೆಯಿಂದ. ನೀವು ಮೊದಲು ಪೂಜೆ ಮುಗಿಸಿ."

ಲಿಂಗ ಹಿಡಿದ ಅವನ ಕೈ ತಗ್ಗಿತು. ಅವಳ ಕೈ ಮತ್ತೆ ಮೊಣಕೈ ಕೆಳಗೆ ಬಂತು.