ಗೋಡೆಯ ದಪ್ಪ

ಮಹಾನಂದಾ ಅಳತೆಪಟ್ಟಿಯ ತುದಿಯನ್ನು ತನ್ನ ಕೋಣೆಯ ಕಿಟಕಿಯ ಚೌಕಟ್ಟಿಗೆ ಒತ್ತಿ ಹಿಡಿದಿದ್ದಳು. ಹೊರಗೆ ಕಲಬುರಗಿಯ ಬೀದಿಯಲ್ಲಿ ಹೆಂಗಸರು ಹಿಮದ ಮೇಲೆ ಬಿಳಿ ಕಾಣದೆಂದು ಕೆಂಪು ರಂಗೋಲಿ ಎಳೆಯುತ್ತಿದ್ದರು. ಚಳಿ ಊರಿಗೆ ಬಂದು ನೆಲೆಸಿದ ಮೇಲೆ ಮನೆಗೊಂದೇ ಗಾಜಿನ ಕಿಟಕಿ, ಉಳಿದವನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿಸಬೇಕು. ಈ ಮನೆಯ ಗಾಜು ಅಕ್ಕನ ಕೋಣೆಗೇ ಎಂದು ತಮ್ಮ ಶಿವಲಿಂಗ ಮಾತು ಕೊಟ್ಟಿದ್ದ. ಅವಳು ಕೌದಿ ಹೊಲಿದು ಬದುಕುವವಳು. ಬೆಳಕಿಲ್ಲದೆ ಸೂಜಿ ಓಡುವುದಿಲ್ಲ.

ಮೇಸ್ತ್ರಿ ಖಾಸಿಂ ಅಗಲ, ಎತ್ತರ ಮುಗಿಸಿ, ಪಟ್ಟಿಯನ್ನು ಒಳಕ್ಕೆ ತಿರುಗಿಸಿ ಗೋಡೆಯ ದಪ್ಪ ಅಳೆಯತೊಡಗಿದ.

"ಗಾಜಿಗ್ಯಾಕೋ ಮಾರಾಯಾ ಗ್ವಾಡಿ ದಪ್ಪ?" ಎಂದು ಅವಳು ನಕ್ಕಳು.

"ಇದು ಇಟ್ಟಂಗಿ ಅಳತಿ ರೀ ಅಕ್ಕಾರ. ಗಾಜಿಂದು ನಿನ್ನೇನ ಅಳದೀನಲ್ಲ, ನಿಮ್ಮ ತಮ್ಮನವರ ಖೋಲ್ಯಾಗ."

ನಿನ್ನೆ ಅವಳು ಕೌದಿ ಕೊಡಲು ಶಹಾಬಾದಿಗೆ ಹೋಗಿದ್ದಳು. ಹೋಗಿ ಬಾ ಎಂದು ಬಸ್ಸು ಹತ್ತಿಸಿದ್ದವನೇ ಶಿವಲಿಂಗ. ಈಗ ಅವನು ಹೊಸ್ತಿಲಲ್ಲಿ ನಿಂತು ಕಾಲ್ಬೆರಳು ನೋಡುತ್ತಿದ್ದ.

"ನಿನ್ನ ಹೆಂಡ್ತಿಗೆ ಬೆಳಕ ಬೇಕು, ಖರೆ. ನನಗ ಹೇಳಾಕ ಬಾಯಿ ಇರಲಿಲ್ಲೇನೋ?"

"ಹೇಳಿದ್ರ ನೀ ಒಪ್ಪತಿದ್ದಿಲ್ಲಕ್ಕಾ. ಸಿಟ್ಟಾಗಬ್ಯಾಡ. ನಮ್ಮ ಕಿಡಕಿ ಬಲ್ಲಿ ನಿನಗೊಂದು ಕುರ್ಚಿ ಹಾಕ್ತೀನಿ. ದಿನಾ ಮಧ್ಯಾಹ್ನ ಬಂದು ಕೂತು ಹೊಲಿ. ಯಾರು ಬ್ಯಾಡ ಅಂತಾರ?"

ಮಹಾನಂದಾ ಪಟ್ಟಿಯ ತುದಿಯನ್ನು ಬಿಟ್ಟಳು. ಅದು ಸರ್ರನೆ ಖಾಸಿಂನ ಕೈಗೆ ಸುತ್ತಿಕೊಂಡಿತು.

"ನಾ ಒಲ್ಲೆ," ಎಂದಳು.