ಮೈ ಬದಲಿಸುವ ಕೋಣೆ

“ಇಷ್ಟು ದಿನಾ ಬಗಲಾಗಿನ ಗಂಟು ಯಾಕ ಮುಚ್ಚಿಟ್ಟಿದ್ರಿ?” ಡಾಕ್ಟರ್ ಸುಮಿತ್ರಾ, ಹಳೆ ಬಟ್ಟೆಯ ಕೌದಿ ಹೊಲಿಯುವ ನೀಲವ್ವನನ್ನು ಗದರಿದರು.

ಕ್ಯಾನ್ಸರ್ ಔಷಧಿ ಬರೆಯುವ ಮೊದಲು ಡಾಕ್ಟರು ರೋಗಿಯ ಮೈಯೊಳಗೆ ಸ್ವಲ್ಪ ಹೊತ್ತು ಇದ್ದು ಬರಬೇಕು. ಅಲ್ಲಿಯತನಕ ರೋಗಿ ಡಾಕ್ಟರ ಮೈಯಲ್ಲಿ ಕಾಯಬೇಕು. ಎಲ್ಲ ಆಸ್ಪತ್ರೆಗಳಲ್ಲೂ ಇದೇ ಪದ್ಧತಿ. ಸುಮಿತ್ರಾ ಒಳಹೊಕ್ಕಾಗ ನೀಲವ್ವನ ಬೆರಳುಗಳು ಆಗಲೇ ಜೋಮು ಹಿಡಿದಿದ್ದವು. ಸೂಜಿ ಹಿಡಿಯಲು ಬಿಡುವಂಥ ಔಷಧಿಯನ್ನೇ ಕೊಡಬೇಕೆಂದು ತೀರ್ಮಾನಿಸಿ ಅವರು ತಮ್ಮ ಮೈಗೆ ಮರಳಿದರು.

ನೀಲವ್ವ ಅವರನ್ನೇ ನೋಡುತ್ತಿದ್ದಳು. “ಬಾಯಾರ, ನಿಮ್ಮ ಎಡಬಗಲಾಗೂ ಗಂಟೈತ್ರಿ.”

ಆ ಮೈಯಲ್ಲಿ ಕೂತೆದ್ದ ಬೇರೆ ಯಾವ ರೋಗಿಯೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

“ಗೊತ್ತದ,” ಎಂದು ಸುಮಿತ್ರಾ ತಲೆ ತಗ್ಗಿಸಿದರು.

ನೀಲವ್ವ ಗದರಲಿಲ್ಲ. ರೋಗಿಯ ಕುರ್ಚಿಯಿಂದ ಎದ್ದು, ಅದನ್ನು ಸೆರಗಿನಿಂದ ಒರೆಸಿದಳು. “ಬರ್ರಿ, ಇಲ್ಲಿ ಕುಂದರ್ರಿ.”